ತುಂಬ್ಸೋದು ಗೊತ್ತೈತಿ, ಖಾಲಿ ಬಿಡೋದು ಹೆಂಗ? ಕಸೂತಿ ಕಲಾವಿದರ ಕೆಲಸ ನೋಡಿ ಕಲಿಯೋ ದಾರಿ

ನಾ ಕೊಪ್ಪಳದಾಗ ಮಗ್ಗಂ ವರ್ಕ್ ಮಾಡ್ತೀನಿ, ಅಂದ್ರ ಬಟ್ಟಿ ಚೌಕಟ್ಟಿಗೆ ಬಿಗದು ಜರಿ, ಮಣಿ ಹಚ್ಚೋ ಕೆಲಸ, ಹನ್ನೊಂದು ವರ್ಷ ಆತು. ಮದುವಿ ಸೀಜನ್ ಬಂತಂದ್ರ ಬ್ಲೌಸಿನ ರಾಶಿ, ಊಟದ ಟೈಮಿಗೆ ಊಟ ಇರಂಗಿಲ್ಲ, ಮತ್ತ ಬರೋರೆಲ್ಲಾ ಹೇಳೋದು ಒಂದ ಮಾತು, "ಅಕ್ಕಾ, ಗ್ರ್ಯಾಂಡ್ ಕಾಣ್ಬೇಕು ನೋಡ್ರಿ." ಗ್ರ್ಯಾಂಡ್ ಅಂದ್ರ ಏನು, ಬಟ್ಟಿ ಕಾಣಬಾರ್ದು ಅಂತ ಅರ್ಥ, ಬರೇ ಜರ್ದೋಸಿ (ಜರಿ ತಂತಿ ಕೆಲಸ), ಬೀಡ್ಸು, ಕುಂದನ್ (ಹೊಳಿಯೋ ಕಲ್ಲು) ಕಾಣ್ಬೇಕು. ಹಿಂಗಾಗಿ ತುಂಬ್ಸೋದು ನನ್ನ ಕೈಗೆ ಬಾಳ ಚೊಲೋ ಬರ್ತೈತಿ. ಖಾಲಿ ಬಿಡೋದು ಬರ್ತಿದ್ದಿಲ್ಲ. ಅದು ಒಂದು ಕೆಲಸ ಅಂತನ ಗೊತ್ತಿರ್ಲಿಲ್ಲ ನನಗ, ಫೋನಿನಾಗ ಬ್ಯಾರೆ ಬ್ಯಾರೆ ದೇಶದ ಕಸೂತಿ ಕಲಾವಿದರ ಕೆಲಸ ನೋಡಾಕ ಶುರು ಮಾಡಿದ ಮ್ಯಾಲ ತಲಿಗೆ ಹೊಳೀತು.

ಮೊದ್ಲ ಎಲ್ಲಾರೂ ಮಾಡೋ ತಪ್ಪು ನಾನೂ ಮಾಡೀನಿ. ಚಂದ ಕಂಡಿದ್ದೆಲ್ಲಾ ಸೇವ್ ಮಾಡೋದು. ನಾನೂರು ಫೋಟೋ ದಾಟಿತ್ತು, ಕೈಗೆ ಬಂದಿದ್ದು ಸೊನ್ನಿ. ಆಮ್ಯಾಲ ಒಂದು ಕ್ರಮ ಹಿಡದೆ, ಅದನ್ನ ಇಲ್ಲಿ ಬರಿಯಾಕತ್ತೀನಿ. ಆರಿ (ಕೊಕ್ಕಿ ಸೂಜಿ) ಕೆಲಸ ಬರೋರಿಗೂ ಆಗ್ತೈತಿ, ಸಾಲ್ಯಾಗ ಕರ್ಚೀಫ್ ಮ್ಯಾಲ ಹೂವು ಹಾಕಿ ಬಿಟ್ಟೋರಿಗೂ ಆಗ್ತೈತಿ.

ನೋಡೋದ ಮೊದಲ ಕೆಲಸ

ಒಂದು ತಿಂಗಳಿಗೆ ಒಬ್ರು ಕಲಾವಿದರು. ಅಷ್ಟ. ಹತ್ತು ಮಂದೀನ ಒಟ್ಟಿಗೆ ನೋಡಿದ್ರ ಎಲ್ಲಾ ಕಲಸಿ ಪಲ್ಯ ಆಗ್ತೈತಿ. ಒಬ್ರದ್ದು ಐದಾರು ಕೆಲಸ ತಗೊಂಡು ಝೂಮ್ ಮಾಡ್ರಿ, ಒಂದು ಹಳಿ ನೋಟ್‌ಬುಕ್ಕಿನಾಗ ಬರ್ಕೊರಿ: ಬಟ್ಟಿ ಯಾವುದು, ದಾರ ಎಷ್ಟು ಎಳಿ ಇರ್ಬೋದು, ಹೊಲಿಗಿ ಯಾವ ಕಡೆ ಮುಖ ಮಾಡ್ಯಾವ, ಮತ್ತ ಬಾಳ ಮುಖ್ಯದ್ದು, ಎಲ್ಲಿ ಏನೂ ಹಾಕಿಲ್ಲ. ಈ ಕೊನೀದನ್ನ ಬರಿಯಾಕ ಕೂತಾಗ ನನಗ ಮೊದ್ಲ ಮೊದ್ಲ ನಗು ಬರ್ತಿತ್ತು, ಇಲ್ಲದಿದ್ದನ್ನ ಏನ್ ಬರಿಯೋದು ಅಂತ. ಬರೀರಿ, ಗೊತ್ತಾಗ್ತೈತಿ.

ಇನ್ನೊಂದು ಉಪಾಯ ಐತಿ. ಫೋಟೋ ಸ್ಕ್ರೀನ್‌ಶಾಟ್ ತಗೊಂಡು ಫೋನಿನಾಗ ಬ್ಲ್ಯಾಕ್ ಅಂಡ್ ವೈಟ್ ಮಾಡ್ರಿ. ಬಣ್ಣ ಹೋದ ಕೂಡ್ಲೆ ಕತ್ತಲಿ ಎಲ್ಲೈತಿ ಬೆಳಕು ಎಲ್ಲೈತಿ ಅಂತ ಕಾಣ್ತೈತಿ. ನಾವು ಬ್ಲೌಸಿಗೆ ಬಣ್ಣ ಮ್ಯಾಚ್ ಮಾಡೋದ ಕಲ್ತಿರ್ತೀವಿ, ಕೆಂಪಿಗೆ ಹಸರು, ನೀಲಿಗೆ ಬಂಗಾರ. ಈ ಕಲಾವಿದರ ಕೆಲಸದಾಗ ಅರ್ಧ ಆಟ ಇರೋದು ಕಪ್ಪು ಬಿಳುಪಿನಾಗ.

ಕೈಲೆ ಹಾಕಿದ್ದೋ ಕಂಪ್ಯೂಟರ್ ಎಂಬ್ರಾಯ್ಡರಿಯೋ ಅನ್ನೋ ಡೌಟು ಬಾಳ ಮಂದಿಗೆ ಬರ್ತೈತಿ. ಬಟ್ಟಿ ಕೈಯಾಗ ಇದ್ರ ತಿರುವಿ ನೋಡ್ರಿ. ಮಶೀನಿಂದಾದ್ರ ಹಿಂದ ಬಾಬಿನ್ ದಾರ (ಮಶೀನಿನ ಕೆಳಗಿನ ಉಂಡಿ ದಾರ) ಇರ್ತೈತಿ, ಸಾಮಾನ್ಯವಾಗಿ ಬಿಳೀದು, ಮುಂದ ಎಷ್ಟ ಬಣ್ಣ ಇದ್ರೂ ಹಿಂದ ಬಿಳೀನ, ಜೊತಿಗೆ ಬಾಳ ಸಲ ಅಂಚಿನಾಗ ಕಾಗದದಂಥ ಬ್ಯಾಕಿಂಗ್ ಚೂರು ಉಳ್ಕೊಂಡಿರ್ತೈತಿ. ಕೈದಾದ್ರ ಮುಂದಿನ ಬಣ್ಣನ ಹಿಂದೂ ಇರ್ತೈತಿ, ದಾರ ಒಂದು ಕಡಿಂದ ಇನ್ನೊಂದು ಕಡೆ ಜಿಗಿದಿರ್ತೈತಿ.

ಸಾಮಾನು, ನಮ್ಮ ಊರಾಗ ಸಿಗೋದು

ಇದನ್ನ ಬಾಳ ಎಳ್ಯಾಂಗಿಲ್ಲ. ಶುರು ಮಾಡೋರು ಕೋರಾ ಕಾಟನ್ (ಬ್ಲೀಚ್ ಮಾಡದ ಹತ್ತಿ ಬಟ್ಟಿ) ಒಂದು ಮೀಟರ್ ತಗೋರಿ, ತಂದ ದಿನನ ನೀರಾಗ ನೆನೆ ಹಾಕಿ ಒಣಗಿಸಿ ಇಸ್ತ್ರಿ ಮಾಡಿ ಇಟ್ಕೊರಿ, ಇಲ್ಲಂದ್ರ ಕಸೂತಿ ಆದ ಮ್ಯಾಲ ತೊಳದಾಗ ಬಟ್ಟಿ ಕುಗ್ಗಿ ಎಲ್ಲಾ ಮುದುಡಿ ಕೂರ್ತೈತಿ. ಬಳ್ಳಾರಿ ಕಡೆ ನೆಂಟರು ಇದ್ರ ಜೀನ್ಸ್ ಕಟ್‌ಪೀಸ್ ತರಿಸ್ಕೊರಿ, ಅಲ್ಲಿ ಜೀನ್ಸ್ ಹೊಲಿಯೋ ಮಂದಿಗೆ ಕಡಿಮಿ ಇಲ್ಲ, ಚೂರು ಬಟ್ಟಿ ಮೂಟೆಗಟ್ಟಲೆ ಉಳೀತೈತಿ. ಆ ಕಡು ನೀಲಿ ಮ್ಯಾಲ ಬಿಳಿ ದಾರ ಹಾಕಿದ್ರ ಏನೂ ಮಾಡದ ಚಂದ ಕಾಣ್ತೈತಿ. ಆದ್ರ ಜೀನ್ಸ್ ದಪ್ಪ, ಅಂಗುಸ್ತಾನ (ಬೆರಳಿಗೆ ಹಾಕೋ ಟೋಪಿ) ಇಲ್ಲದ ಮಾಡಾಕ ಹೋದ್ರ ಬೆರಳು ತೂತು ಬೀಳ್ತೈತಿ, ಮೊದಲ ಪೀಸಿಗೆ ಬ್ಯಾಡ.

ದಾರ ಆಂಕರ್ ಕಂಪನೀದಾದ್ರೂ ಆತು, ಡಿಎಂಸಿ ಕಂಪನೀದಾದ್ರೂ ಆತು. ಒಂದು ಲಡಿ 8 ಮೀಟರ್ ಇರ್ತೈತಿ, ಅದರಾಗ 6 ಎಳಿ. ಆ ಆರೂ ಎಳಿ ಒಟ್ಟಿಗೆ ಸೂಜಿಗೆ ಹಾಕೋದು ಕರ್ಚೀಫ್ ಕಾಲದ ಚಾಳಿ, ಅದನ್ನ ಬಿಡ್ರಿ. ಬೆರಳ ತುದಿಯಿಂದ ಮೊಣಕೈ ತನಕ ಅಳತಿ ಹಿಡದು ಕತ್ತರಿಸ್ರಿ, ಒಂದೊಂದ ಎಳೀನ ಮ್ಯಾಲಕ್ಕ ಎಳದು ಬಿಡಿಸ್ರಿ, ಎರಡು ಬೇಕಿದ್ರೂ ಒಂದೊಂದ ಬಿಡಿಸಿ ಆಮ್ಯಾಲ ಜೋಡಿಸ್ರಿ, ಒಟ್ಟಿಗೆ ಎರಡು ಎಳದ್ರ ಗಂಟು ಗ್ಯಾರಂಟಿ. ಸೂಜಿ ನಂಬರ್ ದೊಡ್ಡದಾದಷ್ಟು ಸೂಜಿ ಸಣ್ಣದು, ಒಂದೆಳಿಗೆ 10, ಎರಡು ಮೂರು ಎಳಿಗೆ 7 ಇಲ್ಲಾ 8. ಕೆಂಪು, ಕಪ್ಪು ದಾರ ಬಣ್ಣ ಬಿಡ್ತೈತೋ ಇಲ್ಲೋ ಅಂತ ಒದ್ದಿ ಮಾಡಿ ಬಿಳಿ ಬಟ್ಟಿ ನಡುವ ಒತ್ತಿ ನೋಡ್ರಿ, ಐದು ನಿಮಿಷದ ಕೆಲಸ, ಒಂದು ತಿಂಗಳ ಕೆಲಸ ಉಳೀತೈತಿ.

ಬಟ್ಟಿ ಬಿಗಿ ಹಿಡಿಯೋ ಎರಡು ಬಳಿ ರಿಂಗ್ ಇರ್ತೈತಲ್ಲ, ಅದರ ಒಳಗಿನ ಬಳಿಗೆ ಹತ್ತಿ ಲಾಡಿ ಸುತ್ರಿ, ಬಟ್ಟಿ ಜಾರಂಗಿಲ್ಲ. ರಾತ್ರಿ ಮಲಗೋಕಿಂತ ಮೊದ್ಲ ರಿಂಗ್ ಬಿಚ್ಚಿ ಇಡ್ರಿ, ಇಲ್ಲಂದ್ರ ದುಂಡಗ ಕಲೆ ಕೂರ್ತೈತಿ. ಏಪ್ರಿಲ್ ಮೇ ತಿಂಗಳದಾಗ ನಮ್ಮ ಕಡೆ ಕೈ ಬೆವರೋದಕ್ಕ ಏನೂ ಮದ್ದಿಲ್ಲ, ಮುಂಜಾನಿ ಆರರಿಂದ ಎಂಟರ ಒಳಗ ಬಿಳಿ ಬಟ್ಟಿ ಕೆಲಸ ಮಾಡ್ಕೊಂಡು ಬಿಡ್ರಿ. ಪೌಡರ್ ಹಚ್ಕೊಬ್ಯಾಡ್ರಿ, ಬಟ್ಟಿಗೆ ಹತ್ತತೈತಿ.

ಪೆನ್ನಿನ ಕತಿ ಒಂದು ಹೇಳ್ಬೇಕು. ಇಸ್ತ್ರಿ ಬಿಸಿಗೆ ಅಳಸಿ ಹೋಗೋ ಪೆನ್ನು ಸಿಗ್ತಾವಲ್ಲ, ಅದರಿಂದ ಎರಡು ತಾಸು ಕೂತು ಡ್ರಾಯಿಂಗ್ ತಗದಿದ್ದೆ. ಬಟ್ಟಿ ಸ್ವಲ್ಪ ಒದ್ದಿ ಆಗಿತ್ತು ಅಂತ ಮಾಳಗಿ ಮ್ಯಾಲಿನ ತಗಡಿನ ಮ್ಯಾಲ ಹರವಿ ಬಂದೆ, ಮಧ್ಯಾನ ಎರಡರ ಬಿಸಲು. ಹೋಗಿ ನೋಡಿದ್ರ ಬಟ್ಟಿ ಬೆಳ್ಳಗ, ಒಂದು ಗೆರಿ ಇಲ್ಲ. ಆ ಮಸಿ 60 ಡಿಗ್ರಿ ಹತ್ರ ಬಂದ್ರ ಮಾಯ ಆಗ್ತೈತಿ, ನಮ್ಮ ತಗಡಿಗೆ ಅದೇನು ದೊಡ್ಡ ಮಾತಲ್ಲ. ಆದ್ರ ಕೇಳ್ರಿ, ಬಟ್ಟೀನ ಪ್ಲಾಸ್ಟಿಕ್ ಕವರಿನಾಗ ಹಾಕಿ ಫ್ರೀಜರಿನಾಗ ಒಂದು ರಾತ್ರಿ ಇಟ್ರ ಗೆರಿ ವಾಪಸ್ ಬರ್ತಾವ. ಬಂದ್ವು. ಅವ್ವ ಮುಂಜಾನಿ ಫ್ರೀಜರ್ ತಗದು ಹಾಲಿನ ಪಾಕೀಟು ಅಂತ ತಿಳಕೊಂಡು ಮಾಡಿದ ಗದ್ದಲ ಬ್ಯಾರೆ.

ಜಡಿ ಪಾಠ: ಶೀನಾ ಲಿಯಾಮ್

ಮೊದಲ ತಿಂಗಳಿಗೆ ಇವರನ್ನ ಹಿಡೀರಿ ಅಂತೀನಿ. ಶೀನಾ ಲಿಯಾಮ್ ಮಲೇಶಿಯಾದವರು, ಮಾಡೆಲ್, 2014ರಾಗ ಏಷ್ಯಾಸ್ ನೆಕ್ಸ್ಟ್ ಟಾಪ್ ಮಾಡೆಲ್ ಅನ್ನೋ ಟಿವಿ ಸ್ಪರ್ಧೆ ಗೆದ್ದೋರು. ಅವರ ಕಸೂತಿ ಕೆಲಸ ಅಂದ್ರ ಇಷ್ಟ: ಬರೀ ಬಟ್ಟಿ, ಹೆಚ್ಚಾಗಿ ಕಪ್ಪು ದಾರ, ಒಬ್ಬಾಕಿ ಹುಡುಗಿ, ಮೈಗೆ ಒಂದು ಸಣ್ಣ ಗೆರಿ. ತಲಿಗೂದಲ ಮಾತ್ರ ದಟ್ಟ, ಕೆಲವು ಪೀಸಿನಾಗ ಜಡಿ ನಿಜವಾದ ದಾರದ್ದ ಹೆಣದು ಬಟ್ಟಿ ಬಿಟ್ಟು ರಿಂಗಿನ ಹೊರಗ ಜೋತು ಬಿದ್ದಿರ್ತೈತಿ.

ನಾ ಇದನ್ನ ನೋಡಿ ಮೊದ್ಲ ಅಂದಿದ್ದು, ಇಷ್ಟೇನಾ, ಬಟ್ಟಿ ಮ್ಯಾಲ ಒಂದು ಹೂವಾದ್ರೂ ಹಾಕ್ಬಾರ್ದಾಗಿತ್ತಾ. ಎರಡು ವಾರ ಆದ ಮ್ಯಾಲ ತಿಳೀತು, ಉಳದಿದ್ದನ್ನ ಖಾಲಿ ಬಿಟ್ಟಿದ್ದಕ್ಕ ಕಣ್ಣು ಸೀದಾ ಕೂದಲಿಗೆ ಹೋಗ್ತೈತಿ. ಬಾಕಿ ತುಂಬಿದ್ರ ಕಣ್ಣಿಗೆ ನಿಲ್ಲಾಕ ಜಾಗ ಇರಂಗಿಲ್ಲ.

ನೀವು ಮಾಡೋದು ಹಿಂಗ. ಮನ್ಯಾಗ ಯಾರಾದ್ರೂ ಜಡಿ ಹಾಕೋವಾಗ ಹಿಂದಗಡಿಂದ ಒಂದು ಫೋಟೋ ಹೊಡ್ಕೊರಿ, ಮುಖ ಬ್ಯಾಡ. ಮುಖ ಬಿಡಿಸಾಕ ಬರಂಗಿಲ್ಲ ಅನ್ನೋ ಹೆದರಿಕಿನೂ ಹೋತು. ನಾ ತಗದಿದ್ದು ಅವ್ವ ಕುಂತು ನಮ್ಮ ಅಣ್ಣನ ಮಗಳಿಗೆ ಜಡಿ ಹಾಕೋದು, ಆಕಿ ಕುತ್ತಿಗಿ ಒಂದು ಕಡೆ ವಾಲಿತ್ತು, ಅವ್ವ ಜಗ್ಗಿದ್ದಕ್ಕ. ಆ ವಾಲಿದ ಕುತ್ತಿಗೀನ ಇಡೀ ಚಿತ್ರ, ಬಾಕಿ ಏನೂ ಬ್ಯಾಡಾಗಿತ್ತು. ಪ್ರಿಂಟ್ ತಗೊಂಡು ಕಿಟಕಿ ಗಾಜಿಗೆ ಹಚ್ಚಿ ಅದರ ಮ್ಯಾಲ ಬಟ್ಟಿ ಹಿಡದು ಪೆನ್ಸಿಲ್‌ಲೆ ತೆಳ್ಳಗ ಗೆರಿ ಎಳೀರಿ. ಎಳದ ಮ್ಯಾಲ ಅರ್ಧ ಗೆರಿ ಅಳಸ್ರಿ. ಹೂಂ, ಅಳಸ್ರಿ. ಭುಜದ ಗೆರಿ ಕೈ ತನಕ ಬಂದ್ರ ಸಾಕು, ಬೆರಳು ಎಣಿಸಿ ತೋರ್ಸೋದು ಬ್ಯಾಡ.

ಮೈ ಗೆರಿಗೆ ಒಂದೆಳಿ ಕಪ್ಪು ದಾರ, ಬ್ಯಾಕ್ ಸ್ಟಿಚ್ (ಮುಂದ ತಗದು ಹಿಂದಕ್ಕ ಬಂದು ಚುಚ್ಚೋ ಹೊಲಿಗಿ), ಒಂದೊಂದು ಹೊಲಿಗಿ ಜೋಳದ ಕಾಳಿನ ಅರ್ಧ ಇರ್ಲಿ. ತಿರುವು ಇದ್ದಲ್ಲಿ ಇನ್ನೂ ಸಣ್ಣದು, ಇಲ್ಲಂದ್ರ ಕುತ್ತಿಗಿ ಮುರದಂಗ ಕಾಣ್ತೈತಿ. ತಲಿಗೆ ಎರಡು ಎಳಿ, ಬೈತಲಿಯಿಂದ ಶುರು ಮಾಡಿ ಜಡಿ ಕಟ್ಟೋ ಜಾಗದ ಕಡೆ ಹೋಗೋ ಉದ್ದ ಹೊಲಿಗಿ, ಬಾಚಣಿಕಿ ಹೆಂಗ ಹೋಗ್ತೈತೋ ಹಂಗ ಸೂಜಿ ಹೋಗ್ಬೇಕು. ಬೈತಲಿ ಗೆರಿ ಖಾಲಿ ಬಿಡ್ರಿ, ಬಿಳಿ ಬಟ್ಟಿನ ಬೈತಲಿ. ಜಡಿಗೆ: ಆರೆಳಿ ದಾರದ ಮೂರು ತುಂಡು, ಒಂದೊಂದು ಒಂದು ಗೇಣು, ಮೂರನ್ನೂ ಒಂದೊಂದಾಗಿ ಕುತ್ತಿಗಿ ಹತ್ರ ಹಿಂದಿಂದ ಮುಂದಕ್ಕ ತಗೀರಿ, ಹಿಂದ ಗಂಟು ಬಿಗಿ ಮಾಡ್ರಿ, ಮುಂದ ಮಾಮೂಲಿ ಜಡಿ ಹೆಣೀರಿ. ತುದಿಗೆ ಕೆಂಪು ದಾರದ ರಿಬ್ಬನ್ನು, ಎರಡು ಸುತ್ತು, ಒಂದು ಬೋ. ಇಡೀ ಪೀಸಿನಾಗ ಬಣ್ಣ ಅಂತ ಇರೋದು ಅದೊಂದ.

ಕುಂದನ್ ಹಚ್ಚಾಕ ನನ್ನ ಕೈ ಕಡೀತಿತ್ತು ಅಂದ್ರ ನಂಬ್ರಿ.

ಹಿಂದಗಡೆ ನೋಡೋರು: ಕೇಸಿ ಝವಾಗ್ಲಿಯಾ

ಅಮೆರಿಕದ ಸೇಂಟ್ ಲೂಯಿಸ್‌ನಾಗ ಇರೋ ಇವರು ಮೂಲದಾಗ ಪೇಂಟಿಂಗ್ ಕಲ್ತೋರು. ಬಸುರಿ ಇದ್ದಾಗ ಪೇಂಟಿನ ವಿಷ ಬ್ಯಾಡ ಅಂತ ಬ್ರಶ್ ಬಿಟ್ಟು ಸೂಜಿ ಹಿಡದ್ರು. ಮನಿ ಮಂದಿದು, ಗೆಳೆಯರದು ಮುಖ ಮಾಡ್ತಾರ, ದೂರಿಂದ ಪೇಂಟಿಂಗ್ ಅನ್ನಬೇಕು ಹಂಗ. ಹತ್ರ ಹೋದ್ರ ಗೊತ್ತಾಗ್ತೈತಿ, ಒಂದ ಬಣ್ಣದ ಕೆನ್ನಿ ಇಲ್ಲ, ತಿಳಿ ಗುಲಾಬಿ ಪಕ್ಕ ಹಸರು, ಅದರ ಮ್ಯಾಲ ಮಣ್ಣಿನ ಬಣ್ಣ, ಸಣ್ಣ ಸಣ್ಣ ಹೊಲಿಗಿ ಒಂದರ ಮ್ಯಾಲ ಒಂದು. ಪೇಂಟ್ ಆದ್ರ ತಟ್ಟ್ಯಾಗ ಕಲಸಬೋದು, ದಾರ ಕಲಸಾಕ ಬರಂಗಿಲ್ಲ, ಪಕ್ಕ ಪಕ್ಕ ಇಟ್ಟು ಕಣ್ಣಿನಾಗ ಕಲಸ್ಬೇಕು.

ಆದ್ರ ನಾ ಇವರನ್ನ ಹೇಳೋದು ಮುಖಕ್ಕಲ್ಲ. ಇವರು ಒಂದು ಟೈಮಿನಾಗ ತಮ್ಮ ಕೆಲಸದ ಹಿಂಬದಿ ನೋಡಿದ್ರು, ಅಲ್ಲಿ ಗಂಟು, ಜಿಗಿದ ದಾರ, ಬಾಲ ಎಲ್ಲಾ ಸೇರಿ ಅದ ಮುಖ ಬ್ಯಾರೆ ಥರ ಕಂಡಿತ್ತು, ಆಮ್ಯಾಲ ಆ ಹಿಂಬದೀನ ಪ್ರದರ್ಶನದಾಗ ಇಟ್ರು. ಇದನ್ನ ಓದಿ ನನಗ ಸ್ವಲ್ಪ ಸಿಟ್ಟ ಬಂತು. ಯಾಕಂದ್ರ ನಮ್ಮ ಧಾರವಾಡ ಕಡೆ ಕಸೂತಿಯೊಳಗ ಹಿಂದಗಡೆ ಗಂಟು ಕಂಡ್ರ ಬೈಗುಳ. ಗವಂತಿ (ಗೆರಿ ಹೊಲಿಗಿ), ಮುರ್ಗಿ (ಮೆಟ್ಟಲದಂಥ ಹೊಲಿಗಿ) ಮುಂದ ಹೆಂಗೋ ಹಿಂದೂ ಹಂಗ ಕಾಣ್ಬೇಕು, ಗಂಟ ಹಾಕಂಗಿಲ್ಲ, ಬಟ್ಟಿ ಮ್ಯಾಲ ಡ್ರಾಯಿಂಗೂ ಮಾಡಂಗಿಲ್ಲ, ಎಳಿ ಎಣಿಸಿ ಗೋಪುರ, ತೇರು, ನವಿಲು ತಗೀಬೇಕು. ನೇಯ್ಗಿ (ನೇದಂಗ ಕಾಣೋದು), ಮೆಂತೆ ಹೊಲಿಗಿ ಮಾತ್ರ ಬ್ಯಾರೆ, ಮೆಂತೆ ಅಂದ್ರ ಕ್ರಾಸ್ ಸ್ಟಿಚ್ಚ. ಒಂದು ಕಡೆ ಹಿಂಬದಿ ಸ್ವಚ್ಛ ಇರೋದ ಜಾಣತನ, ಇನ್ನೊಂದು ಕಡೆ ಹಿಂಬದಿ ಗೊಂದಲನ ಕಲೆ. ಎರಡೂ ಸರಿ ಅಂತ ಒಪ್ಕೊಳಾಕ ನನಗ ಟೈಮ್ ಬೇಕಾತು.

ಮಾಡಿ ನೋಡ್ರಿ: ಮ್ಯಾಟಿ ಬಟ್ಟಿ (ಎಳಿ ಎಣಿಸಾಕ ಬರೋ ದಪ್ಪ ನೇಯ್ಗಿದು) ಮ್ಯಾಲ ಒಂದು ಬೆರಳುದ್ದ ಗವಂತಿ ಹಾಕ್ರಿ, ಒಂದು ಬಿಟ್ಟು ಒಂದು ಹೊಲಿಗಿ ಹಾಕ್ಕೊಂತ ಹೋಗಿ, ಬರೋವಾಗ ಬಿಟ್ಟ ಜಾಗ ತುಂಬಿಸ್ಕೊಂತ ಬರ್ರಿ. ತಿರುವಿದ್ರ ಎರಡೂ ಕಡೆ ಒಂದ ಗೆರಿ. ಆಮ್ಯಾಲ ಕೋರಾ ಬಟ್ಟಿ ಮ್ಯಾಲ ಒಂದು ಕಣ್ಣು, ಬರೇ ಒಂದು ಕಣ್ಣು, ಐದು ಬಣ್ಣದ ಒಂದೊಂದೆಳೀಲೆ ಮಾಡ್ರಿ, ಬಿಳಿ ಗುಡ್ಡಿಗೆ ಬಿಳಿ ದಾರ ಹಾಕ್ಬ್ಯಾಡ್ರಿ, ಅದು ಯಾವತ್ತೂ ಪೂರ್ತಿ ಬಿಳಿ ಇರಂಗಿಲ್ಲ, ತಿಳಿ ಬೂದು, ಮೂಲ್ಯಾಗ ಸ್ವಲ್ಪ ಗುಲಾಬಿ. ಮುಗದ ಮ್ಯಾಲ ಹಿಂದಗಡೆದೂ ಫೋಟೋ ತಗದಿಡ್ರಿ. ಯಾವ ಬಣ್ಣ ಮೊದ್ಲ ಹಾಕಿದ್ರಿ, ಎಲ್ಲಿ ತಡಕಾಡಿದ್ರಿ, ಎಲ್ಲಾ ಅಲ್ಲಿ ಬರದಿರ್ತೈತಿ. ಯಾರದ್ದ ಕೆಲಸ ನೋಡಿದ್ರೂ ಹಿಂಬದಿ ಫೋಟೋ ಹಾಕ್ಯಾರೇನು ಅಂತ ನಾ ಈಗ ಮೊದ್ಲ ಹುಡುಕ್ತೀನಿ.

ಫೋಟೋ ಮ್ಯಾಲ ಹೊಲಿಯೋದು

ಐವರಿ ಕೋಸ್ಟ್ ದೇಶದ ಫೋಟೋಗ್ರಾಫರ್ ಜೊವಾನಾ ಶೂಮಾಲಿ. 2016ರ ಮಾರ್ಚ್‌ನಾಗ ಅಲ್ಲಿನ ಗ್ರ್ಯಾಂಡ್ ಬಸಾಂ ಅನ್ನೋ ಸಮುದ್ರ ದಂಡಿ ಊರಿನ ಮ್ಯಾಲ ಉಗ್ರರ ದಾಳಿ ಆತು. ಆದ ಕೆಲವು ವಾರಕ್ಕ ಇವರು ಆ ಊರಿಗೆ ಹೋಗಿ ಫೋನಿನಾಗ ಫೋಟೋ ತಗದ್ರು, ಬೀದ್ಯಾಗ ಒಬ್ಬೊಬ್ರ ಸುಮ್ನ ಕೂತಿದ್ದು, ನಿಂತಿದ್ದು. ಅವನ್ನ ಬಟ್ಟಿ ಮ್ಯಾಲ ಪ್ರಿಂಟ್ ಹಾಕಿಸಿ ಅದರ ಮ್ಯಾಲ ಬಣ್ಣದ ದಾರದ ಹೊಲಿಗಿ ಹಾಕಿದ್ರು. ಅಲ್ಲಿ ಮಂದಿ ಏನ ಕಷ್ಟ ಬಂದ್ರೂ "ಸಾ ವಾ ಆಲೇ" ಅಂತಾರಂತ, ಎಲ್ಲಾ ಸರಿ ಹೋಗ್ತೈತಿ ಬಿಡು ಅಂದಂಗ, ಅದ ಮಾತನ್ನ ಆ ಸರಣಿಗೆ ಹೆಸರಿಟ್ರು. 2019ರಾಗ ಇದಕ್ಕ ಪ್ರಿ ಪಿಕ್ಟೆ ಅನ್ನೋ ದೊಡ್ಡ ಫೋಟೋಗ್ರಫಿ ಪ್ರಶಸ್ತಿ ಬಂತು. ಹೊಲಿಗಿ ಹಾಕಿದ್ದಕ್ಕ ಫೋಟೋಗ್ರಫಿ ಪ್ರಶಸ್ತಿ, ನೋಡ್ರಿ.

ಇದನ್ನ ನಮ್ಮೂರಾಗ ಮಾಡಾಕ ಹೋದ್ರ ತೊಡಕು ಬರೋದು ಪ್ರಿಂಟಿನಾಗ. ನಾ ನಮ್ಮ ಅಜ್ಜಿ ಫೋಟೋ ತಗೊಂಡು ಚಾ ಕಪ್, ಟೀಶರ್ಟ್ ಮ್ಯಾಲ ಪ್ರಿಂಟ್ ಹಾಕೋ ಅಂಗಡಿಗೆ ಹೋದೆ, ಕಾಟನ್ ಬಟ್ಟಿ ಕೊಟ್ಟೆ, "ಹಾಕಿ ಕೊಡ್ತೀನಿ ಬಿಡ್ರೀ ಅಕ್ಕಾರ" ಅಂದ. ಬಂದಿದ್ದು ಮಾಸಿದ ನೆರಳು. ಸಬ್ಲಿಮೇಶನ್ ಪ್ರಿಂಟು ಪಾಲಿಯೆಸ್ಟರಿಗಷ್ಟ ಹಿಡೀತೈತಿ, ಕಾಟನ್ನಿಗೆ ಹಿಡ್ಯಾಂಗಿಲ್ಲ, ಆವಾಗ ಗೊತ್ತಿರ್ಲಿಲ್ಲ. ಎರಡನೇ ಸಲ ಇನ್ನೊಂದು ಕಡೆ ಸ್ಟಿಕರ್ ಥರ ಬಿಸಿ ಮಾಡಿ ಅಂಟಿಸಿ ಕೊಟ್ರು, ಬಣ್ಣ ಚೊಲೋ ಬಂತು, ಆದ್ರ ಬಟ್ಟಿ ಮ್ಯಾಲ ಪ್ಲಾಸ್ಟಿಕ್ ಪದರ, ಸೂಜಿ ಚುಚ್ಚಿದಲ್ಲಿ ತೂತು ತೂತಾಗೇ ಉಳೀತು, ಅಜ್ಜಿ ಮುಖಕ್ಕ ಸಿಡುಬು ಬಂದಂಗ. ಮೂರನೇ ಸಲ ಮನ್ಯಾಗ: ತೆಳು ಬಿಳಿ ಕಾಟನ್ ಎ4 ಅಳತಿಗಿಂತ ಕೂದಲೆಳಿ ಸಣ್ಣ ಕತ್ತರಿಸಿ, ಇಸ್ತ್ರಿ ಮಾಡಿ, ಎ4 ಸ್ಟಿಕರ್ ಹಾಳಿಗೆ ನೆರಿಗಿ ಇಲ್ದಂಗ ಅಂಟಿಸಿ, ಅಂಚಿನ ದಾರ ಎಲ್ಲಾ ಕತ್ತರಿಸಿ ಇಂಕ್‌ಜೆಟ್ ಪ್ರಿಂಟರಿನಾಗ ಹಾಕಿದ್ದು. ಸಿಕ್ಕಾಕೊಳ್ಳಲಿಲ್ಲ, ದೇವ್ರು ದೊಡ್ಡಾವ. ಲೇಸರ್ ಪ್ರಿಂಟರಿಗೆ ಮಾತ್ರ ಹಾಕ್ಬ್ಯಾಡ್ರಿ, ಅದು ಬಿಸಿ ಆಗ್ತೈತಿ, ಅಂಟು ಕರಗಿ ಮಶೀನ್ ಕೆಡ್ತೈತಿ. ಮನಿ ಪ್ರಿಂಟರಿನ ಬಣ್ಣದ ಇಂಕು ಸಾಮಾನ್ಯವಾಗಿ ನೀರು ಬಿದ್ರ ಹರೀತೈತಿ, ಹಂಗಾಗಿ ಈ ಪೀಸ್ ತೊಳಿಯಾಂಗಿಲ್ಲ, ಫ್ರೇಮ್ ಹಾಕೋದ. ಪಿಗ್ಮೆಂಟ್ ಇಂಕಿನ ಪ್ರಿಂಟರ್ ಸಿಕ್ರ ಸ್ವಲ್ಪ ತಡೀತೈತಿ.

ಈಗ ಹೊಲಿಗಿ. ಎಲ್ಲಾ ಕಡೆ ಹಾಕೋ ಆಸೆ ಬರ್ತೈತಿ, ಬ್ಯಾಡ. ಅಜ್ಜಿ ಫೋಟೋದಾಗ ನಾ ಮುಟ್ಟಿದ್ದು ಸೆರಗಿನ ಅಂಚು ಮತ್ತ ಮೂಗುತಿ. ಇಳಕಲ್ ಸೀರಿ ಕೆಂಪು ಸೆರಗು, ಫೋಟೋ ಕಪ್ಪು ಬಿಳುಪು ಇದ್ದದ್ದಕ್ಕ ಆ ಕೆಂಪು ಯಾರಿಗೂ ಕಂಡಿರ್ಲಿಲ್ಲ, ನಮ್ಮ ಅಣ್ಣಂದಿರು ನೋಡೇ ಇಲ್ಲ ಆ ಸೀರಿ. ಮೂಗುತಿಗೆ ಒಂದು ಫ್ರೆಂಚ್ ನಾಟ್: ಸೂಜಿ ಹೊರಗ ತಗದು ದಾರ ಎರಡು ಸುತ್ತು ಸುತ್ತಿ, ಬಂದ ತೂತಿನ ಪಕ್ಕ (ಅದ ತೂತಿಗೆ ಅಲ್ಲ, ಒಳಗ ಎಳ್ಕೊಂಡು ಹೋಗಿಬಿಡ್ತೈತಿ) ದಾರ ಬಿಗಿ ಹಿಡದು ಇಳಿಸೋದು. ಅವ್ವ ನೋಡಿ ಬಾಳ ಹೊತ್ತು ಏನೂ ಅನ್ಲಿಲ್ಲ. ಆಮ್ಯಾಲ ಅಂದಿದ್ದು, "ಎಡಕ್ಕಲ್ಲ, ಬಲಕ್ಕಿತ್ತು ಮೂಗುತಿ." ಪ್ರಿಂಟ್ ಹಾಕೋವಾಗ ಫೋಟೋ ಉಲ್ಟಾ ಮಾಡಿದ್ದೆ. ಸ್ಟಿಕರ್ ಅಂಗಡ್ಯಾಗ ಉಲ್ಟಾ ಮಾಡಿದ ಫೈಲನ್ನ ಮನ್ಯಾಗೂ ಹಾಕಿದ್ದು ತಪ್ಪು. ಚೆಕ್ ಮಾಡ್ಕೊರಿ.

ಸಂಡೂರಿಗೆ ಒಂದು ಸಲ ಹೋಗ್ರಿ

ಹೊರಗಿನ ದೇಶದವರ ಕತಿ ಸಾಕು, ಮನಿ ಹತ್ರ ಇರೋದನ್ನ ಹೇಳ್ತೀನಿ. ಬಳ್ಳಾರಿ ಜಿಲ್ಲೆ ಸಂಡೂರಿನ ಲಂಬಾಣಿ ಕಸೂತಿಗೆ 2010ರಾಗ ಜಿಐ ಟ್ಯಾಗ್ (ಈ ಊರಿನದ್ದ ಅನ್ನೋ ಸರ್ಕಾರಿ ಗುರುತು) ಸಿಕ್ಕೈತಿ. ಸಂಡೂರು ಕುಶಲ ಕಲಾ ಕೇಂದ್ರ ಅಂತ ಐತಿ, ಸುತ್ತಲಿನ ತಾಂಡಾದ ಹೆಣ್ಮಕ್ಕಳು ಅದರ ಜೋಡಿ ಕೆಲಸ ಮಾಡ್ತಾರ. 2023ರ ಜುಲೈದಾಗ ಹಂಪಿಯೊಳಗ ಜಿ20 ಸಂಸ್ಕೃತಿ ಸಭೆ ಆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಮಕ್ಕಳು ಸೇರಿ ಮಾಡಿದ 1755 ಪೀಸ್ ಇಟ್ಟು ಗಿನ್ನೆಸ್ ದಾಖಲೆ ಮಾಡಿದ್ರು. ದಾಖಲೆ ಇರ್ಲಿ ಬಿಡ್ರಿ, ನಾ ಹೇಳೋದು ಹತ್ರ ಕೂತು ನೋಡೋದನ್ನ.

ಇಲ್ಲಿ ನನ್ನ ಖಾಲಿ ಬಿಡೋ ಪಾಠ ಪೂರ್ತಿ ಉಲ್ಟಾ ಆಗ್ತೈತಿ ಅಂತ ನೀವು ಅನ್ಬೋದು. ಲಂಬಾಣಿ ಹೆಣ್ಮಕ್ಕಳ ಫೇಟಿಯಾ (ಲಂಗ), ಕಾಂಚಳಿ (ಕುಪ್ಪಸ) ನೋಡ್ರಿ, ಕನ್ನಡಿ, ಕವಡಿ, ನಾಣ್ಯ, ಮಣಿ, ಒಂದಿಂಚು ಬಟ್ಟಿ ಕಾಣಂಗಿಲ್ಲ. ನಾನೂ ಹಂಗ ಅಂದ್ಕೊಂಡು ಹೋಗಿದ್ದೆ. ಆದ್ರ ಒಂದು ಚೀಲದ ಅಂಚನ್ನ ಕೈಯಾಗ ಹಿಡದು ನೋಡಿದ್ರ ಗೊತ್ತಾಗ್ತೈತಿ, ಅವರು ತುಂಬೋದು ಜಾತ್ರಿಗೆ ಮಂದಿ ತುಂಬಿದಂಗ ಅಲ್ಲ, ಸಾಲು ಸಾಲಾಗಿ. ಕಿಲನ್, ವೆಲೆ, ಮಾಕಿ, ರೇಲೋ, ಭೂರಿಯಾ ಅಂತ ಒಂದೊಂದು ಹೊಲಿಗಿಗೂ ಹೆಸರೈತಿ, ಒಟ್ಟ ಹದಿನಾಲ್ಕು ಥರ ಅಂತಾರ, ಒಂದು ಸಾಲು ಮುಗದು ಇನ್ನೊಂದು ಸಾಲು ಬರೋ ನಡುವ ಬಟ್ಟಿ ಬಣ್ಣ ಒಂದು ದಾರದಷ್ಟು ಅಗಲ ಬಿಟ್ಟಿರ್ತಾರ. ಆ ಒಂದು ದಾರದ ಸಂದಿ ಮುಚ್ಚಿ ನೋಡ್ರಿ, ಎಲ್ಲಾ ಕಲಸಿ ಹೋಗ್ತೈತಿ. ನಾ ಬೆರಳಿಟ್ಟು ಮುಚ್ಚಿ ನೋಡಿದ್ದಕ್ಕ ಅಲ್ಲಿ ಕೂತಿದ್ದ ಹಿರೇ ಅಕ್ಕಾರು ನಕ್ಕರು, "ಏನ್ ಅಳತೀ ಮಾಡ್ತಿಯವ್ವಾ?" ಅಂತ.

ಕನ್ನಡಿ ಕೂಡ್ಸೋದು ಮನ್ಯಾಗ ಕಲಿಬೋದು. ಕನ್ನಡಿ ಬಟ್ಟಿ ಮ್ಯಾಲ ಇಟ್ಟು ಹೆಬ್ಬೆರಳಿಂದ ಒತ್ತಿ ಹಿಡೀರಿ. ಅಡ್ಡ ಎರಡು ದಾರ, ಅದರ ಮ್ಯಾಲ ಉದ್ದ ಎರಡು ದಾರ, ಉದ್ದದ್ದು ಹಾಕೋವಾಗ ಅಡ್ಡ ದಾರಕ್ಕ ಒಂದೊಂದು ಸುತ್ತು ಹಾಕ್ಕೊಂಡು ಹೋಗ್ಬೇಕು, ನಡುವ ಒಂದು ಚೌಕ ಕಿಟಕಿ ಉಳೀತೈತಿ. ಈ ನಾಲ್ಕೂ ಬಿಗಿ ಇರ್ಬೇಕು, ಇಲ್ಲಿ ಸಡಲ ಆದ್ರ ಮುಂದ ಏನ್ ಮಾಡಿದ್ರೂ ಕನ್ನಡಿ ಜಾರಿ ಬೀಳ್ತೈತಿ. ಆಮ್ಯಾಲ ಸುತ್ತಲೂ: ಸೂಜಿ ಈ ದಾರದ ಕೆಳಗ ತೂರ್ಸಿ ಎಳೀರಿ, ಕನ್ನಡಿ ಅಂಚಿನ ಪಕ್ಕ ಬಟ್ಟಿ ಒಂದು ಚೂರು ಚುಚ್ಚಿ ಎಳೀರಿ, ಮತ್ತ ದಾರದ ಕೆಳಗ, ಮತ್ತ ಬಟ್ಟಿ, ಎರಡೂ ಸಲ ದಾರದ ಕುಣಿಕಿ ಸೂಜಿ ಕೆಳಗ ಬರ್ಬೇಕು. ಹಂಗ ಹೋದಂಗ ಚೌಕ ಕಿಟಕಿ ತಾನ ದುಂಡಗಾಗ್ತೈತಿ, ಅದು ಆಗೋದು ನೋಡಾಕ ಒಂದು ಮಜಾ. ಗಾಜಿನ ಕನ್ನಡಿ ಆದ್ರ ಅಂಚು ಒರಟು ಇರ್ತೈತಿ, ದಾರ ಕಡೀತೈತಿ, ಸಾಣಿ ಕಲ್ಲಿಗೆ ಸ್ವಲ್ಪ ತಿಕ್ಕಿ ತಗೊರಿ, ಕಣ್ಣಿಗೆ ಚಷ್ಮಾ ಹಾಕ್ಕೊಂಡು.

ಹೊಲಿಗಿ ಹೆಸರು ಓದಿ ಕಲ್ತೆ ಅನ್ಬ್ಯಾಡ್ರಿ, ತಾಂಡಾದ ಹಿರೇರ ಹತ್ರ ಕೂತು ಕಲೀರಿ, ಕಲ್ಸಿದ್ದಕ್ಕ ರೊಕ್ಕ ಕೊಡ್ರಿ, ಕೇಳಿದ್ರ "ಅವರ ಹತ್ರ ಕಲ್ತೆ" ಅಂತ ಹೇಳ್ರಿ. ಮತ್ತ ಮನ್ಯಾಗ ನಾಲ್ಕು ಕನ್ನಡಿ ಹಚ್ಚಿದ ಚೀಲಕ್ಕ "ಸಂಡೂರು ಲಂಬಾಣಿ" ಅಂತ ಹೆಸರು ಹಾಕಿ ಮಾರಂಗಿಲ್ಲ, ಜಿಐ ಇರೋದನ್ನ ನೋಂದಾಯಿಸಿದವರಷ್ಟ ಆ ಹೆಸರಿಲೆ ಮಾರ್ಬೇಕು, ಕಾನೂನ ಐತಿ.

ಇನ್ನೂ ಇಬ್ರು, ಓಡಿ ಹೋಗೂಣು

ದಕ್ಷಿಣ ಆಫ್ರಿಕಾದ ಡೇನಿಯೆಲ್ ಕ್ಲಫ್ ಹಳಿ ಟೆನಿಸ್ ರಾಕೆಟ್ಟಿನ ಜಾಳಗಿ ಮ್ಯಾಲ ದಪ್ಪ ಉಲ್ಲನ್ನಿಂದ ಹೂವು ಹೊಲೀತಾರ. ನಮ್ಮ ಮನ್ಯಾಗ ರಾಕೆಟ್ ಎಲ್ಲಿ ಬರ್ಬೇಕು, ಹಳಿ ಜರಡಿ ಇತ್ತು, ಅದರ ಮ್ಯಾಲ ಒಂದು ದಾಸವಾಳ ಮಾಡೀನಿ, ಸೂಜಿ ತುದಿ ಮೊಂಡ ಇರ್ಲಿ, ಉದ್ದಕ ಹೊಲಿಗಿ ಹಾಕ್ರಿ, ಜಾಳಗಿ ತೂತ ನಿಮಗ ಅಳತಿ. ಮಕ್ಕಳಿಗೂ ಕೊಡ್ಬೋದು. ಪೆರು ದೇಶದ ಆನಾ ತೆರೇಸಾ ಬಾರ್ಬೋಜಾ ಅವರದ್ದು ಬ್ಯಾರೆ ದಾರಿ, ಬೆಟ್ಟ, ನೀರು ಕಸೂತಿ ಮಾಡಿ ದಾರ ಕತ್ತರಿಸಂಗಿಲ್ಲ, ಫ್ರೇಮ್ ದಾಟಿ ಗ್ವಾಡಿ ಮ್ಯಾಲಿಂದ ನೆಲಕ್ಕ ಇಳೀತೈತಿ ದಾರ. ತುಂಗಭದ್ರಾ ಡ್ಯಾಮಿನ ಗೇಟು ಬಿಟ್ಟಾಗಿನ ಫೋಟೋ ನೋಡಿದಾಗೆಲ್ಲಾ ನನಗ ಅದು ನೆನಪಾಗ್ತೈತಿ, ಇನ್ನೂ ಮಾಡಿಲ್ಲ, ದಾರದ ಖರ್ಚು ನೆನಸಿ ಹೆದರೀನಿ.

ಕಾಪಿ ಮಾಡೋದರ ಬಗ್ಗೆ ಕೇಳ್ತೀರಿ ಅಂತ ಗೊತ್ತು. ಕಲಿಯಾಕ ಮನ್ಯಾಗ ಕಾಪಿ ಮಾಡ್ರಿ, ಯಾರೂ ಏನೂ ಅನ್ನಂಗಿಲ್ಲ. ಅದನ್ನ ನಿಮ್ಮದು ಅಂತ ಹಾಕೋದು, ಮಾರೋದು ಬ್ಯಾಡ. ನಾ ನನಗ ಇಟ್ಕೊಂಡಿದ್ದು ಏನಂದ್ರ, ಅವರ ಉಪಾಯ ತಗೋಬೇಕು, ಅವರ ಚಿತ್ರ ತಗೋಬಾರ್ದು. ಜೋತು ಬಿದ್ದ ಜಡಿ ಉಪಾಯ, ವಾಲಿದ ಕುತ್ತಿಗಿ ನಮ್ಮ ಮನೀದು.

ಮಗ್ಗಂ, ಆರಿ ಮಾಡೋರು "ನಮ್ಮದು ಬರೇ ಬ್ಲೌಸ್ ಕೆಲಸ" ಅಂತ ಸಣ್ಣ ಮಾಡ್ಕೊಬ್ಯಾಡ್ರಿ. 2023ರ ಮಾರ್ಚ್‌ನಾಗ ಮುಂಬೈ ಗೇಟ್‌ವೇ ಆಫ್ ಇಂಡಿಯಾ ಮುಂದ ಫ್ರಾನ್ಸಿನ ಡಿಯೋರ್ ಕಂಪನಿ ಫ್ಯಾಶನ್ ಶೋ ಮಾಡಿದಾಗ ಅಲ್ಲಿ ಕಟ್ಟಿದ್ದ ದೊಡ್ಡ ತೋರಣದ ಕಸೂತಿ ಮಾಡಿದೋರು ಮುಂಬೈದ ಚಾಣಕ್ಯ ಸ್ಕೂಲ್ ಆಫ್ ಕ್ರಾಫ್ಟ್‌ನಾಗ ಕಲ್ತ ಹೆಣ್ಮಕ್ಕಳು ಮತ್ತ ಕುಶಲಕರ್ಮಿಗಳು. ಕೈ ಅದ, ಸೂಜಿ ಅದ.

ಆ ಜಡಿ ಪೀಸ್‌ನ ರಿಂಗ್ ಸಮೇತ ಅಂಗಡಿ ಗ್ವಾಡಿಗೆ ನೇತ ಹಾಕೀನಿ, ಅದನ್ನ ಮಾಡಾಕ ಇಪ್ಪತ್ತಾರು ಸಂಜಿ ಹಿಡೀತು. ಹೋದ ತಿಂಗಳ ಮದುವಿ ಬ್ಲೌಸ್ ಕೊಡಾಕ ಬಂದ ಒಬ್ಬಾಕಿ ಅದನ್ನ ನೋಡಿಕೋಂತ ನಿಂತ್ಲು, ಜಡಿ ತುದಿ ರಿಬ್ಬನ್ ಮುಟ್ಟಿದ್ಲು, ಆಮ್ಯಾಲ ಕೇಳಿದ್ಲು, "ಅಕ್ಕಾ, ಇದು ಇನ್ನೂ ಮುಗ್ದಿಲ್ಲೇನ್ರಿ?"

ಮುಗದೈತಿ ಅಂದೆ.

ಇನ್ನೊಂದು ಸಲ ನೋಡಿದ್ಲು. "ಚೊಲೋ ಐತ್ರಿ," ಅಂದು ಬಟ್ಟಿ ಕೌಂಟರ್ ಮ್ಯಾಲ ಇಟ್ಲು. "ನಂದು ಮಾತ್ರ ಪೂರ್ತಿ ತುಂಬಿಸಿ ಕೊಡ್ರಿ ಮತ್ತ."